ಕೊಟೇಷನ್‌ನಲ್ಲಿ ಕಾಣದ ನಾಲ್ಕು ಗಂಟೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಶುಕ್ರವಾರ ರಾತ್ರಿ ಆರಂಭವಾಗಿ ಮರುದಿನ ರಾತ್ರಿಯವರೆಗೆ ನಡೆದ ಚರ್ಚೆ ಇದು. ಹಿರಿಯರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಇದ್ದುದನ್ನು ಇದ್ದಂತೆ ಹಾಕಿದ್ದೇನೆ.

ಚಿಕ್ಕಪ್ಪ, ಜೆ.ಪಿ. ನಗರ: ಎಲ್ಲರಿಗೂ ನಮಸ್ಕಾರ. ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ಮೂರು ಏಜೆನ್ಸಿಗಳಿಂದ ಕೊಟೇಷನ್ ತರಿಸಿದ್ದೇವೆ. ಕಡಿಮೆ ಮೊತ್ತದ್ದನ್ನು ಮೇಲೆ ಹಾಕಿದ್ದೇನೆ, ನೋಡಿ. ಈಗ ಇರುವ ಏಜೆನ್ಸಿಯದೇ ಅದು. ಹನ್ನೆರಡು ಗಂಟೆಯ ಡ್ಯೂಟಿಗೆ ಒಬ್ಬ ಗಾರ್ಡ್‌ಗೆ ತಿಂಗಳಿಗೆ 16,500 ರೂಪಾಯಿ, ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ಕಾರ್ಮಿಕರ ವಿಮೆ), ಸರ್ವಿಸ್ ಚಾರ್ಜ್ ಎಲ್ಲ ಅದರಲ್ಲೇ ಸೇರಿದೆ, ಜಿ.ಎಸ್.ಟಿ. ಮಾತ್ರ ಬೇರೆ. ನಿವಾಸಿಗಳ ಸಂಘದ ಖಜಾಂಚಿಯಾಗಿ ನನಗೆ ಇದೇ ಸರಿ ಎನಿಸಿದೆ. ಸಂಬಳದ ಲೆಕ್ಕದಲ್ಲಿ ಕೈ ಪಳಗಿದವರು ಒಮ್ಮೆ ನೋಡಿ ಹೇಳಿದರೆ ಭಾನುವಾರದ ಸಭೆಯಲ್ಲಿ ಒಪ್ಪಿಗೆ ಪಡೆಯುತ್ತೇನೆ.

ಮಾವ, ಪೀಣ್ಯ: ಒಳ್ಳೆಯ ದರ. ತಡ ಮಾಡಬೇಡಿ.

ನಾನು: ಚಿಕ್ಕಪ್ಪ, ದಯವಿಟ್ಟು ಇದಕ್ಕೆ ಸಹಿ ಹಾಕಬೇಡಿ. ನೀವು ಕಳಿಸಿದ ಹಾಳೆಯ ಅಂಕಿಗಳನ್ನೇ ಬಿಡಿಸಿ ನೋಡಿದೆ. 16,500ರಲ್ಲಿ ಏಜೆನ್ಸಿಯ ಸರ್ವಿಸ್ ಚಾರ್ಜ್ ಉಳಿದ ಮೊತ್ತದ ಮೇಲೆ ಶೇಕಡಾ 10 ಎಂದು ಬರೆದಿದ್ದಾರೆ. ಅದನ್ನು ತೆಗೆದರೆ ಉಳಿಯುವುದು 15,000. ಅದರಲ್ಲಿ, ಸಂಬಳದ ಮೇಲೆ ಮಾಲೀಕರ ಪಾಲಿನ ಪಿ.ಎಫ್. ಆಡಳಿತ ಶುಲ್ಕವೂ ಸೇರಿ ಶೇಕಡಾ 13, ಇ.ಎಸ್.ಐ. ಶೇಕಡಾ 3.25. ಇವನ್ನೂ ಕಳೆದರೆ ಗಾರ್ಡ್‌ನ ಸಂಬಳವೆಂದು ನಿಲ್ಲುವುದು ಸುಮಾರು 12,900 ರೂಪಾಯಿ. ದಿನಕ್ಕೆ ಹನ್ನೆರಡು ಗಂಟೆಯಂತೆ ಮೂವತ್ತು ದಿನಕ್ಕೆ 360 ಗಂಟೆ, ಅಂದರೆ ಗಂಟೆಗೆ 36 ರೂಪಾಯಿಯೂ ಬೀಳುವುದಿಲ್ಲ. ಅವರ ಪಾಲಿನ ಪಿ.ಎಫ್., ಇ.ಎಸ್.ಐ. ಮುರಿದ ಮೇಲೆ ಕೈಗೆ ಹೋಗುವುದು 11,250ರ ಆಸುಪಾಸು.

ಸರ್ಕಾರ ಗೊತ್ತುಪಡಿಸುವ ಕನಿಷ್ಠ ವೇತನ ಎಂಟು ಗಂಟೆಯ ದಿನಕ್ಕೆ. ಅದರ ಮೇಲಿನ ನಾಲ್ಕು ಗಂಟೆಗೆ ಓವರ್‌ಟೈಂ (ಓ.ಟಿ.) ದರ ಎರಡು ಪಟ್ಟು. ನಾಲ್ಕು ಗಂಟೆಯ ಎರಡು ಪಟ್ಟು ಎಂದರೆ ಮತ್ತೆ ಎಂಟು ಗಂಟೆಯ ಕೂಲಿ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಒಂದು ಹನ್ನೆರಡು ಗಂಟೆಯ ಡ್ಯೂಟಿಗೆ ಎರಡು ದಿನದ ಸಂಬಳ ಸಲ್ಲಬೇಕು. ಈ ಹಾಳೆಯಲ್ಲಿ ಓ.ಟಿ.ಯ ಕಾಲಂ ಇಲ್ಲವೇ ಇಲ್ಲ, ವಾರದ ರಜೆಯ ದಿನ ಬದಲಿಗೆ ಬರುವ ರಿಲೀವರ್‌ನ ಕಾಲಮ್ಮೂ ಇಲ್ಲ.

ಮಾವ, ಪೀಣ್ಯ: ಲೆಕ್ಕ ಸರಿಯಾಗಿರಬಹುದು, ಆದರೆ ನೆಲದ ಮೇಲೆ ನಿಂತು ಮಾತನಾಡಬೇಕು, ಮಗಳೇ. ಕೇಂದ್ರ ಸರ್ಕಾರವೇ ನಿಗದಿ ಮಾಡಿರುವ ಕನಿಷ್ಠ ಮಟ್ಟ ದಿನಕ್ಕೆ 176 ರೂಪಾಯಿ. ಈ ಏಜೆನ್ಸಿ 430 ಕೊಡುತ್ತಿದೆ, ಅಂದರೆ ಎರಡು ಪಟ್ಟಿಗೂ ಹೆಚ್ಚು. ಹನ್ನೊಂದು ಜನರನ್ನು ಇಟ್ಟುಕೊಂಡು ಲೇತ್ ಓಡಿಸುವ ನನ್ನಂಥವನಿಗೆ ಪ್ರತಿ ಏಪ್ರಿಲ್ ಒಂದಕ್ಕೆ ತುಟ್ಟಿಭತ್ಯೆ ಏರುತ್ತದೆ. ನಾನು ಪೀಸಿಗೆ ಪಡೆಯುವ ದರ ಮಾತ್ರ ನಾಲ್ಕು ವರ್ಷದಿಂದ ಏರಿಲ್ಲ. ಕೊಡುವವನ ಶಕ್ತಿಯನ್ನೂ ನೋಡಬೇಡವೇ?

ನಾನು: ಮಾವ, ಆ 176 ರೂಪಾಯಿ 2017ರ ಜೂನ್‌ನದು, ಅದೂ ಸಲಹೆಯ ರೂಪದ್ದು. ನಮ್ಮನ್ನು ಕಟ್ಟಿಹಾಕುವುದು ರಾಜ್ಯದ ಅಧಿಸೂಚನೆ, ಅದರಲ್ಲಿ ಬೆಂಗಳೂರು ಅತಿ ಹೆಚ್ಚಿನ ದರದ ವಲಯದಲ್ಲಿದೆ. ಕೇಂದ್ರವೇ ನೇಮಿಸಿದ್ದ ಅನೂಪ್ ಸತ್ಪಥಿ ಸಮಿತಿ, 2018ರ ಜುಲೈ ಬೆಲೆಗಳನ್ನು ಹಿಡಿದು ಲೆಕ್ಕ ಹಾಕಿ, ದಿನಕ್ಕೆ 375 ರೂಪಾಯಿ ಇರಬೇಕೆಂದು 2019ರಲ್ಲಿ ಶಿಫಾರಸು ಮಾಡಿತು. ಅದು ಜಾರಿಯಾಗಲಿಲ್ಲ. ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲಿ, ಅಂದರೆ ಸಂಬಳದ ಹೊಸ ಕೇಂದ್ರ ಕಾನೂನಿನಲ್ಲಿ, ಕೇಂದ್ರದ ಕನಿಷ್ಠ ಮಟ್ಟಕ್ಕೆ ಕಾನೂನಿನ ಬಲ ಬಂದಿದೆ. ಆದರೆ ರಾಜ್ಯದ ದರ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಇಳಿಸುವಂತಿಲ್ಲ ಎಂದೂ ಅದೇ ಸಂಹಿತೆ ಹೇಳುತ್ತದೆ.

ಕೊಡುವವನ ಶಕ್ತಿಯ ಪ್ರಶ್ನೆ ಬಹಳ ಹಳೆಯದು, ಅದಕ್ಕೆ ಉತ್ತರವೂ ಹಳೆಯದೇ. 1948ರಲ್ಲಿ ನೇಮಕವಾದ ನ್ಯಾಯಯುತ ವೇತನ ಸಮಿತಿ ವೇತನವನ್ನು ಮೂರು ಮೆಟ್ಟಿಲಾಗಿ ನೋಡಿತು. ಕೆಳಗಿನದು ಕನಿಷ್ಠ ವೇತನ: ಬರೀ ಜೀವ ಹಿಡಿದುಕೊಳ್ಳಲು ಸಾಕಾಗುವಷ್ಟಲ್ಲ, ಮರುದಿನವೂ ದುಡಿಯುವ ಶಕ್ತಿ ಉಳಿಯುವಷ್ಟು, ಒಂದಿಷ್ಟು ಓದು, ಔಷಧಿಗೂ ಒದಗುವಷ್ಟು. ಮೇಲಿನದು ಜೀವನ ವೇತನ: ಸಂವಿಧಾನದ 43ನೆಯ ವಿಧಿ ರಾಜ್ಯದ ಮುಂದಿಟ್ಟಿರುವ ಗುರಿ. ನಡುವಿನದು ನ್ಯಾಯಯುತ ವೇತನ. ಅದರ ಕೆಳಮಿತಿ ಕನಿಷ್ಠ ವೇತನ, ಮೇಲ್ಮಿತಿ ಉದ್ಯಮದ ಕೊಡುವ ಶಕ್ತಿ. ಅಂದರೆ ನೀವು ಹೇಳುವ ಶಕ್ತಿಯ ಮಾತಿಗೆ ಜಾಗ ಇರುವುದು ನಡುವಿನ ಮೆಟ್ಟಿಲಿನಲ್ಲಿ, ಕೆಳಗಿನದರಲ್ಲಿ ಅಲ್ಲ. ಬರೀ ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ನಡೆಯುವ ಹಕ್ಕೇ ಇಲ್ಲವೆಂದು ಸುಪ್ರೀಂ ಕೋರ್ಟ್ ಕ್ರೌನ್ ಅಲ್ಯೂಮಿನಿಯಂ ವರ್ಕ್ಸ್ ಪ್ರಕರಣದಲ್ಲಿ ಹೇಳಿತ್ತು. ಕನಿಷ್ಠ ವೇತನ ಗೊತ್ತುಪಡಿಸುವಾಗ ಮಾಲೀಕನ ಶಕ್ತಿ ಅಪ್ರಸ್ತುತ ಎಂಬುದನ್ನು 1961ರ ಉಣಿಚ್ಚೋಯಿ ತೀರ್ಪಿನಲ್ಲಿ ಎತ್ತಿಹಿಡಿಯಿತು.

ಮಾವ, ಪೀಣ್ಯ: ನಡೆಯುವ ಹಕ್ಕೇ ಇಲ್ಲ ಎಂಬುದು ಕಠಿಣವಾದ ಮಾತು. ನನ್ನ ಟರ್ನರ್‌ಗಳಿಗೆ ನಾನು ಅಧಿಸೂಚನೆಯ ದರಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂಬುದು ನಿನಗೂ ಗೊತ್ತು. ಬೀಗ ಹಾಕಿಕೊಂಡು ಹೋದ ಶೆಡ್ಡುಗಳೂ ನಮ್ಮ ಬೀದಿಯಲ್ಲಿವೆ.

ನಾನು: ಗೊತ್ತು ಮಾವ. ಹೆಚ್ಚು ಕೊಟ್ಟೂ ನೀವು ನಡೆಸುತ್ತಿದ್ದೀರಿ, ಅದಕ್ಕೇ ನಿಮ್ಮ ಮಾತಿಗೆ ತೂಕವಿದೆ. ಆದರೆ ಚಿಕ್ಕಪ್ಪನ ಅಪಾರ್ಟ್‌ಮೆಂಟ್ ಪೀಸ್‌ರೇಟಿನ ವರ್ಕ್‌ಶಾಪ್ ಅಲ್ಲ. ಕೊಡುವ ಶಕ್ತಿಯಿಲ್ಲ ಎಂದು ಹೇಳಲು ಅಲ್ಲಿನ 96 ಮನೆಗಳಲ್ಲಿ ಒಂದಕ್ಕೂ ಬಾಯಿ ಬರಬಾರದು.

ದೊಡ್ಡತ್ತೆ, ಮಲ್ಲೇಶ್ವರ: ಈ ಕನಿಷ್ಠ ಎಂಬುದನ್ನು ಯಾವ ಲೆಕ್ಕದಲ್ಲಿ ಕಟ್ಟುತ್ತಾರೆ? ಯಾರೋ ಕುರ್ಚಿಯಲ್ಲಿ ಕುಳಿತು ಊಹಿಸುವುದೇ?

ತಂಗಿ, ಕೆಂಗೇರಿ: ಅತ್ತೆ, ಇದನ್ನು ನಮಗೆ ಕಾನೂನು ಕಾಲೇಜಿನಲ್ಲಿ ಕಳೆದ ತಿಂಗಳು ತಾನೇ ಪಾಠ ಮಾಡಿದರು. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅಳತೆಗೋಲು ಹಾಕಿಕೊಟ್ಟಿತು. ದುಡಿಯುವ ಒಬ್ಬನಿಗೆ ಮೂರು ಬಳಕೆಯ ಘಟಕ, ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿಯ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಸರ್ಕಾರಿ ಕೈಗಾರಿಕಾ ವಸತಿ ಯೋಜನೆಯ ಮಟ್ಟದ ಬಾಡಿಗೆ, ಸೌದೆ, ದೀಪ ಮತ್ತು ಇತರ ಖರ್ಚಿಗೆ ಒಟ್ಟು ವೇತನದ ಶೇಕಡಾ 20. ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ ಹರಿದಿನ, ಮುಪ್ಪು, ಮದುವೆ ಇವುಗಳಿಗಾಗಿ ಇನ್ನೂ ಶೇಕಡಾ 25 ಸೇರಬೇಕೆಂದು 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೂರು ಘಟಕವೆಂದರೆ ಗಂಡನಿಗೆ ಒಂದು, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6.

ದೊಡ್ಡತ್ತೆ, ಮಲ್ಲೇಶ್ವರ: ಹೆಂಡತಿಗೆ 0.8! ನಮ್ಮ ಮನೆಗೆಲಸದಾಕೆ ಬೆಳಗಿನ ಐದಕ್ಕೆ ಎದ್ದು ತನ್ನ ಮನೆಯ ಕೆಲಸ ಮುಗಿಸಿ, ನಾಲ್ಕು ಮನೆಯ ಪಾತ್ರೆ ತೊಳೆದು ಮೂರು ಗಂಟೆಗೆ ಉಣ್ಣುತ್ತಾಳೆ. ಅವಳ ಹಸಿವು ಗಂಡನದಕ್ಕಿಂತ ಕಡಿಮೆಯೆಂದು ಬರೆದವರು ಅವಳನ್ನು ಒಮ್ಮೆ ನೋಡಬೇಕಿತ್ತು. ವಯಸ್ಸಾದ ಅತ್ತೆ ಮಾವಂದಿರು ಈ ನಾಲ್ವರಲ್ಲಿ ಎಲ್ಲಿ ಬಂದರು?

ತಂಗಿ, ಕೆಂಗೇರಿ: ಬರುವುದಿಲ್ಲ ಅತ್ತೆ. ಅಂದಹಾಗೆ ಮನೆಗೆಲಸಕ್ಕೂ ಕರ್ನಾಟಕ 2004ರಲ್ಲಿಯೇ ಕನಿಷ್ಠ ವೇತನ ಗೊತ್ತುಪಡಿಸಿದೆ.

ದೊಡ್ಡತ್ತೆ, ಮಲ್ಲೇಶ್ವರ: ಅದು ನನಗೆ ತಿಳಿದಿರಲಿಲ್ಲ. ಆ ದರ ಎಷ್ಟೆಂದು ನನಗೆ ಬೇರೆಯಾಗಿ ಕಳಿಸು.

ನಾನು: ಬಾಡಿಗೆಯ ಮಾತನ್ನೂ ಸೇರಿಸುತ್ತೇನೆ. 2020ರಲ್ಲಿ ಕೇಂದ್ರ ಪ್ರಕಟಿಸಿದ ಕರಡು ನಿಯಮಗಳಲ್ಲಿ ಮನೆ ಬಾಡಿಗೆಯನ್ನು ಊಟ ಬಟ್ಟೆಯ ಖರ್ಚಿನ ಶೇಕಡಾ 10 ಎಂದು ಹಿಡಿದಿದ್ದರು. ನಮ್ಮ ಫ್ಯಾಕ್ಟರಿಯ ಟೈಲರ್ ಒಬ್ಬರು ಬೊಮ್ಮನಹಳ್ಳಿಯಲ್ಲಿ ಶೀಟ್ ಹಾಕಿದ ಒಂದೇ ಕೋಣೆಗೆ 6,500 ಕೊಡುತ್ತಾರೆ, ನೀರಿಗೆ ಬೇರೆ. ಅವರ ಸಂಬಳದಲ್ಲಿ ಅದು ಹೆಚ್ಚುಕಡಿಮೆ ಅರ್ಧ. ಈ ಊರಿನಲ್ಲಿ ಸಂಬಳ ತಿನ್ನುವುದು ಅಕ್ಕಿಯಲ್ಲ, ಬಾಡಿಗೆ.

ಚಿಕ್ಕಪ್ಪ, ಜೆ.ಪಿ. ನಗರ: ಎಲ್ಲವನ್ನೂ ಓದಿದೆ. ಒಂದು ಮಾತಿಗೆ ಉತ್ತರ ಬೇಕು. ಹನ್ನೆರಡು ಗಂಟೆಯ ಡ್ಯೂಟಿಯನ್ನು ನಾವು ಹೇರಿದ್ದಲ್ಲ. ಹೋದ ವರ್ಷ ಎಂಟು ಗಂಟೆಯ ಮೂರು ಪಾಳಿ ಮಾಡೋಣವೆಂದಾಗ ಗಾರ್ಡ್‌ಗಳೇ ಬೇಡವೆಂದರು. ರಾತ್ರಿ ಡ್ಯೂಟಿಯ ಹಿರಿಯರು, ರಾಯಚೂರಿನ ಕಡೆಯವರು, ನನ್ನ ಬಳಿಯೇ ಬಂದು, "ಸಾರ್, ಎಂಟು ಗಂಟೆ ಮಾಡಿದರೆ ಊರಿಗೆ ಕಳಿಸಲು ಏನೂ ಉಳಿಯುವುದಿಲ್ಲ" ಎಂದರು. ಒಪ್ಪಿ ದುಡಿಯುವವರನ್ನು ತಡೆಯುವುದು ನ್ಯಾಯವೇ?

ನಾನು: ಚಿಕ್ಕಪ್ಪ, ಅವರು ಹೇಳಿದ್ದರಲ್ಲೇ ಉತ್ತರವಿದೆ. ಎಂಟು ಗಂಟೆಯ ಸಂಬಳದಲ್ಲಿ ಬದುಕು ನಡೆಯುವುದಿಲ್ಲವಾದ್ದರಿಂದ ಅವರು ನಿದ್ದೆಯ ನಾಲ್ಕು ಗಂಟೆಯನ್ನು ಮಾರುತ್ತಿದ್ದಾರೆ, ಅದಕ್ಕೂ ಬೆಲೆ ಸಿಗುತ್ತಿಲ್ಲ. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, 1982ರಲ್ಲಿ, ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಇದನ್ನೇ ಎದುರಿಸಿದ್ದರು. ಹಸಿವು, ಬಡತನದಿಂದಾಗಿ ಬೇರೆ ದಾರಿ ಕಾಣದೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಪ್ಪುವುದೂ ಬಲವಂತವೇ, ಅಂಥ ದುಡಿಮೆ ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯ ಸಾಲಿಗೇ ಸೇರುತ್ತದೆ ಎಂದು ಅವರು ತೀರ್ಪು ಕೊಟ್ಟರು. ಕಡಿಮೆ ಸಂಬಳಕ್ಕೆ ಕಾರ್ಮಿಕ ಬರೆದುಕೊಟ್ಟ ಒಪ್ಪಿಗೆಗೆ ಹಳೆಯ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿಯೂ ಬೆಲೆ ಇರಲಿಲ್ಲ.

ನಾನು ಈ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. 2020ರಲ್ಲಿ ರಾಜ್ಯ ಸರ್ಕಾರ ಆ ವರ್ಷದ ತುಟ್ಟಿಭತ್ಯೆಯನ್ನು ಮುಂದೂಡಿ ಆದೇಶ ಹೊರಡಿಸಿತು. ಹೈಕೋರ್ಟ್ ಆ ಆದೇಶವನ್ನು ತಡೆಹಿಡಿಯಿತು. ಆದರೂ ನಾನು ಆಗ ಕೆಲಸ ಮಾಡುತ್ತಿದ್ದ ಗಾರ್ಮೆಂಟ್ಸ್‌ನಲ್ಲಿ ಆ ಭತ್ಯೆಯನ್ನು ಕೊಡಲಿಲ್ಲ. ದಿನಕ್ಕೆ 16 ರೂಪಾಯಿ, ತಿಂಗಳಿಗೆ 417. ಸಂಬಳದ ಪಟ್ಟಿ ಮಾಡುತ್ತಿದ್ದವಳು ನಾನೇ. ತಿಂಗಳು ತಿಂಗಳೂ ಆ ಕಾಲಮ್ಮಿನಲ್ಲಿ ಹಳೆಯ ಅಂಕಿಯನ್ನೇ ಕೆಳಗಿನವರೆಗೆ ಎಳೆದಿದ್ದೇನೆ. ಫಿನಿಷಿಂಗ್ ವಿಭಾಗದ ಒಬ್ಬರು ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತು, "ಮೇಡಂ, ನಾನೂರು ರೂಪಾಯಿ ಅಂದರೆ ನಮಗೆ ಅರ್ಧ ಸಿಲಿಂಡರ್" ಎಂದಿದ್ದರು. ನಾನು ಮೇಲಿನವರನ್ನು ಕೇಳಿ ಎಂದೆ. ಬಾಕಿ ಬಂದದ್ದು 2022ರಲ್ಲಿ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಊರು ಸೇರಿದ್ದರು, ನನ್ನ ಬಳಿ ಇದ್ದ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ.

ಮಾವ, ಪೀಣ್ಯ: ಇದನ್ನು ನೀನು ಯಾವತ್ತೂ ಹೇಳಿರಲಿಲ್ಲ.

ಚಿಕ್ಕಪ್ಪ, ಜೆ.ಪಿ. ನಗರ: ಹಾಗಾದರೆ ಖರ್ಚು ಎಷ್ಟಾಗುತ್ತದೆ ಎಂಬುದನ್ನೂ ನೇರವಾಗಿ ನೋಡೋಣ. ಈಗ ಎರಡು ಗೇಟಿಗೆ ನಾಲ್ವರು, ತಿಂಗಳಿಗೆ 66,000. ಇನ್ನೊಂದು ಏಜೆನ್ಸಿ ಎಂಟು ಗಂಟೆಯ ಡ್ಯೂಟಿಗೆ, ರಿಲೀವರ್ ಸೇರಿ, ಒಬ್ಬರಿಗೆ 22,500 ಬರೆದಿದೆ. ಮೂರು ಪಾಳಿಗೆ ಆರು ಜನ, 1,35,000. ವ್ಯತ್ಯಾಸ 69,000; ಶೇಕಡಾ 18 ಜಿ.ಎಸ್.ಟಿ. ಸೇರಿಸಿದರೆ 81,420. ಮನೆಯೊಂದಕ್ಕೆ ತಿಂಗಳಿಗೆ 848 ರೂಪಾಯಿ ಮೇಂಟೆನೆನ್ಸ್ ಏರುತ್ತದೆ. ಸಣ್ಣ ಮೊತ್ತವೇನಲ್ಲ, ಸಭೆಯಲ್ಲಿ ಗಲಾಟೆಯಾಗುತ್ತದೆ.

ಮಾವ, ಪೀಣ್ಯ: ಆಗಲಿ. ಆದರೆ ಎಂಟು ಗಂಟೆ ಮಾಡಿದರೆ ಆ ರಾಯಚೂರಿನವರ ಕೈಗೆ ಈಗ ಬರುವುದಕ್ಕಿಂತ ಕಡಿಮೆ ಬರಬಾರದು. ಆ ಇನ್ನೊಂದು ಏಜೆನ್ಸಿಯವರಿಂದ ಸಂಬಳದ ಭಾಗವನ್ನು ಬಿಡಿಸಿ ಬರೆಸಿಕೊಳ್ಳಿ. ಅಧಿಸೂಚನೆಯ ದರ, ತುಟ್ಟಿಭತ್ಯೆ, ಕೈಗೆ ಹೋಗುವ ಮೊತ್ತ ಮೂರೂ ಕಾಣಬೇಕು. ನನ್ನ ಕೆಲಸಗಾರರಿಗೆ ನಾನು ಕೊಡುವ ಚೀಟಿಯ ನಮೂನೆ ಕಳಿಸುತ್ತೇನೆ.

ತಂಗಿ, ಕೆಂಗೇರಿ: ಚಿಕ್ಕಪ್ಪ, ಏಜೆನ್ಸಿ ಕೊಡದಿದ್ದರೆ ಹೊಣೆ ಸಂಘದ ಮೇಲೂ ಬರಬಹುದು. ಕಂಪನಿ, ಸಂಸ್ಥೆ, ಸಂಘ, ಯಾರ ಜಾಗದಲ್ಲಿ ದುಡಿಸಲಾಗಿದೆಯೋ ಅವರು ಕೊಡಬೇಕೆಂದು ಸಂಹಿತೆಯಲ್ಲಿದೆ. ಬಾಕಿ ಕೇಳಲು ಮೊದಲು ಆರು ತಿಂಗಳ ಗಡುವಿತ್ತು, ಈಗ ಮೂರು ವರ್ಷ.

ಚಿಕ್ಕಪ್ಪ, ಜೆ.ಪಿ. ನಗರ: ಮೂರು ವರ್ಷದಿಂದಲೂ ಇದೇ ಏಜೆನ್ಸಿ, ಚೆಕ್ಕಿಗೆ ಸಹಿ ಹಾಕುತ್ತಿರುವವನೂ ನಾನೇ. ಈಗ ಕೆಳಗೆ ಗೇಟಿಗೆ ಹೋಗಿ ಬರುತ್ತೇನೆ.

ಚಿಕ್ಕಪ್ಪ, ಜೆ.ಪಿ. ನಗರ: ರಾತ್ರಿ ಡ್ಯೂಟಿಯವರ ಬಳಿ ಕುಳಿತು ಮಾತನಾಡಿದೆ. ಕಳೆದ ತಿಂಗಳ ಸಂಬಳದ ಚೀಟಿ ಅವರ ಮೊಬೈಲಿನಲ್ಲೇ ಇತ್ತು: ಹಾಜರಿ 26 ದಿನ, ಓ.ಟಿ. ಸೊನ್ನೆ. ನಮ್ಮ ಗೇಟಿನ ಹಾಜರಿ ಪುಸ್ತಕ ತೆರೆದರೆ ಅದೇ ತಿಂಗಳಲ್ಲಿ ಅವರ ಸಹಿ 30 ದಿನವೂ ಇದೆ, ಪ್ರತಿ ಸಾಲಿನಲ್ಲೂ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಎರಡನ್ನೂ ಪಕ್ಕ ಪಕ್ಕ ಇಟ್ಟು ಫೋಟೋ ತೆಗೆದಿದ್ದೇನೆ. ಅವರ ಹೆಸರು ಕಾಣದಂತೆ ಮಾಡಿ ನಾಳೆ ಸಭೆಯಲ್ಲಿ ಹಂಚುತ್ತೇನೆ. ಹತ್ತು ಗಂಟೆಗೆ ಸಭೆ, ನೀನೂ ಬಾ ಮಗಳೇ, ಆ ಲೆಕ್ಕವನ್ನು ನೀನೇ ಬಿಡಿಸಿ ಹೇಳಬೇಕು.

ನಾನು: ಒಂಬತ್ತೂವರೆಗೆ ಬರುತ್ತೇನೆ ಚಿಕ್ಕಪ್ಪ. ಹಾಜರಿ ಪುಸ್ತಕದ ಹಿಂದಿನ ತಿಂಗಳುಗಳನ್ನೂ ತೆಗೆದಿಡಿ.