ಎಷ್ಟು ತಾಸಿನದು ಎಂದು ಮೊದಲು ನೋಡು

ಕೂಸೇ, ಮನೆಮಂದಿಯ ಗುಂಪಿಗೆ ನೀನು ಕಳಿಸಿದ ಪ್ರಶ್ನೆಯ ಧ್ವನಿ ಸಂದೇಶವನ್ನು ಬೆಳಿಗ್ಗೆಯೇ ಕೇಳಿದ್ದೆ. ತೋಟಕ್ಕೆ ಅಡಿಕೆ ಕೊಯ್ಯುವ ಕೊನೆಗೌಡ ಬಂದಿದ್ದರಿಂದ ಉತ್ತರ ಕೊಡುವುದು ತಡವಾಯಿತು. ದೀಪಾವಳಿಗೆ ಎಲ್ಲರೂ ಸಿರ್ಸಿಯ ಮನೆಯಲ್ಲಿ ಸೇರಿದಾಗ ‘ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ’ ಎಂಬ ಸಿನೆಮಾ ಹಾಕಿಯೇ ಹಾಕುತ್ತೇನೆಂದು ನಿನ್ನ ತಮ್ಮ ಹಠ ಹಿಡಿದಿದ್ದಾನೆ. ನೋಡಿದವರಲ್ಲಿ ಅರ್ಧ ಜನ ಅದನ್ನು ತಲೆಯ ಮೇಲೆ ಹೊತ್ತು ಕುಣಿಯುತ್ತಾರೆ, ಉಳಿದವರು ನಿದ್ದೆ ಬಂತು, ತಲೆಬುಡ ತಿಳಿಯಲಿಲ್ಲ ಎನ್ನುತ್ತಾರೆ; ಎಲ್ಲರೂ ಒಟ್ಟಿಗೆ ಕುಳಿತು ನೋಡಬಹುದೇ, ಇದರಿಂದ ಹಬ್ಬದ ರಾತ್ರಿ ಹಾಳಾಗುವುದೇ ಎಂದು ನೀನು ಹೆದರಿ ಕೇಳಿದ್ದೀಯ. ಎರಡೂ ಪಂಗಡದವರು ನಿಜವನ್ನೇ ಹೇಳುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ. ಅವರೆಲ್ಲ ನೋಡಿದ್ದು ಒಂದೇ ಸಿನೆಮಾವನ್ನೋ ಎಂಬುದೇ ನನ್ನ ಸಂಶಯ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅದು ಎಷ್ಟು ತಾಸಿನದು ಎಂದು ನೋಡದೆ ಯಾರೂ ಗುಂಡಿ ಒತ್ತಬಾರದು.

ಇದನ್ನು ನಾನು ಪೆಟ್ಟು ತಿಂದು ಕಲಿತವನು. 1988ರ ಮಳೆಗಾಲದಲ್ಲಿ ನಾವು ಕಾರವಾರದ ಕಾಜುಬಾಗದಲ್ಲಿದ್ದೆವು. ಆ ಬಾಡಿಗೆ ಮನೆ ನಿಮಗೆಲ್ಲ ಗೊತ್ತೇ ಇದೆ. ನಿಮ್ಮ ಅತ್ತೆ ತವರಿಗೆ ಹೋಗಿದ್ದಳು. ದೊಡ್ಡ ಭಾವ ದೇವಿಮನೆ ಘಟ್ಟ ಇಳಿದು, ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಬಂದಿದ್ದರು. ಅವರು ಮುಂಬಯಿಯಲ್ಲಿದ್ದಾಗ ಈ ಸಿನೆಮಾವನ್ನು ನೋಡಿ ಊರಿಗೆಲ್ಲ ವರ್ಣಿಸಿದ್ದರಾದ್ದರಿಂದ, ಅವರ ಸತ್ಕಾರಕ್ಕೆಂದೇ ನಾನು ದಿನಬಾಡಿಗೆಗೆ ವಿಸಿಆರ್ ತಂದು, ನಕಲಿನ ನಕಲಾಗಿದ್ದ ಒಂದು ಕ್ಯಾಸೆಟ್ಟನ್ನು ಹಾಕಿದೆ. ಹಂಚಿನ ಮೇಲೆ ಮಳೆ ಹೊಡೆಯುತ್ತಿದ್ದುದರಿಂದ ಮಾತು ಅರ್ಧ ಕೇಳಿಸುತ್ತಿರಲಿಲ್ಲ, ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು. ಎರಡೂಕಾಲು ತಾಸು ಕಳೆಯುತ್ತಲೇ ಮುಗಿದುಹೋಯಿತು. ಹುಡುಗರು ಕಳ್ಳತನ ಮಾಡಿದರು, ದೊಡ್ಡವರಾದರು, ಮುದುಕರಾದರು. ಪುರೋಹಿತರು ವಂಶಾವಳಿ ಓದಿದಂತಿತ್ತು. ಭಾವ ಬಹಳ ಹೊತ್ತು ಸುಮ್ಮನಿದ್ದು, “ಇದು ಆ ಸಿನೆಮಾ ಅಲ್ಲ” ಎಂದರು. ಹೊಗಳಿದ್ದು ಸುಳ್ಳಾದ್ದರಿಂದ ಈಗ ಜಾರಿಕೊಳ್ಳುತ್ತಿದ್ದೀರಿ ಎಂದು ನಾನು ಅಂದುಬಿಟ್ಟೆ. ಮರುದಿನ ಮೊದಲ ಬಸ್ಸಿಗೆ ಅವರು ಹೊರಟುಹೋದರು, ಹಪ್ಪಳದ ಕಟ್ಟೂ ಅವರ ಜೊತೆಗೇ ಹೋಯಿತು. ಮೂರು ವರ್ಷ ನಮ್ಮ ನಡುವೆ ನೆಟ್ಟಗೆ ಮಾತಿರಲಿಲ್ಲ. ಭಾವ ಈ ಗುಂಪಿನಲ್ಲಿಯೇ ಇದ್ದಾರೆ, ಕೇಳಿ ನಗುತ್ತಿರಬಹುದು.

ಸಂಗತಿ ಏನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಿರ್ದೇಶಕ ಸೆರ್ಜಿಯೋ ಲಿಯೋನೆ ಈ ಕಥೆಗಾಗಿ ವರ್ಷಗಟ್ಟಲೆ ಕಾದಿದ್ದ. ಇದೇ ಅವನ ಕೊನೆಯ ಚಿತ್ರವೂ ಆಯಿತು, 1989ರಲ್ಲಿ ಅವನು ತೀರಿಕೊಂಡ. 1984ರಲ್ಲಿ ಯುರೋಪಿನಲ್ಲಿ ತೆರೆಕಂಡ ಪ್ರತಿ 229 ನಿಮಿಷದ್ದು. ಅಮೆರಿಕದ ವಿತರಕರು ಅವನ ಇಷ್ಟಕ್ಕೆ ವಿರುದ್ಧವಾಗಿ ಅದನ್ನು 139 ನಿಮಿಷಕ್ಕೆ ಇಳಿಸಿದ್ದಲ್ಲದೆ, ಹಿಂದೆ ಮುಂದೆ ಓಡಾಡುವ ಕಥೆಯನ್ನು ಕಾಲಾನುಕ್ರಮದಲ್ಲಿ ಜೋಡಿಸಿಬಿಟ್ಟರು. ಸರಿಯಾಗಿ ಒಂದೂವರೆ ತಾಸು ಮಾಯ. 1933ರಲ್ಲಿ ಊರು ಬಿಟ್ಟು, ಮೂವತ್ತೈದು ವರ್ಷಗಳ ನಂತರ, 1968ರಲ್ಲಿ, ತನ್ನನ್ನು ನ್ಯೂಯಾರ್ಕಿಗೆ ಕರೆಸಿದವರು ಯಾರೆಂದು ತಿಳಿಯದೆ ಮರಳುವ ಮುದುಕ ಕಥಾನಾಯಕ ನೂಡಲ್ಸ್‌ನ ಬೆನ್ನು ಹಿಡಿದು ನಾವು ಹೋಗಬೇಕು. ಎಲ್ಲವನ್ನೂ ಸಾಲಾಗಿ ಮೊದಲೇ ಹೇಳಿಬಿಟ್ಟರೆ ಹುಡುಕುವುದಕ್ಕೆ ಏನು ಉಳಿಯುತ್ತದೆ? ವಿಮರ್ಶಕ ರೋಜರ್ ಎಬರ್ಟ್ ಪೂರ್ಣ ಪ್ರತಿಗೆ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟು, ಕತ್ತರಿಸಿದ ಪ್ರತಿಗೆ ಒಂದೇ ಒಂದನ್ನು ಕೊಟ್ಟಿದ್ದ. ನಾನು ಭಾವನಿಗೆ ಆ ಒಂದನ್ನೂ ಕೊಟ್ಟಿರಲಿಲ್ಲ.

ಮಗ ಬೆಂಗಳೂರಿನಿಂದ ಡಿವಿಡಿ ತಂದ ವರ್ಷ ಪೂರ್ಣ ಪ್ರತಿಯನ್ನು ನೋಡಿದೆ. ಅದರ ಆರಂಭದಲ್ಲಿ ಒಂದು ಫೋನು ಹೊಡೆದುಕೊಳ್ಳುತ್ತದೆ. ನೂಡಲ್ಸ್ ಪಾತ್ರದ ರಾಬರ್ಟ್ ಡಿ ನಿರೋ ಅಫೀಮಿನ ಅಡ್ಡೆಯಲ್ಲಿ ಮಲಗಿದ್ದಾನೆ. ಗಂಟೆ ಇಪ್ಪತ್ತಕ್ಕೂ ಹೆಚ್ಚು ಸಲ ಬಾರಿಸುತ್ತದೆ. ಮಳೆಯಲ್ಲಿ ಬೀದಿಯ ಮೇಲೆ ಸಾಲಾಗಿ ಮಲಗಿಸಿದ ಹೆಣಗಳ ಮೇಲೆಯೂ, 1933ರಲ್ಲಿ ಪಾನನಿಷೇಧ ಮುಗಿದ ಸಂತೋಷಕೂಟದ ಗದ್ದಲದ ಮೇಲೆಯೂ ಅದೇ ಗಂಟೆ. ಅವನು ಫೋನೆತ್ತಿ ನಂಬರು ತಿರುಗಿಸಿದರೂ ನಿಲ್ಲುವುದಿಲ್ಲ, ಪೊಲೀಸರ ಮೇಜಿನ ಮೇಲಿನ ಫೋನನ್ನು ಎತ್ತಿದಾಗಷ್ಟೇ ನಿಲ್ಲುತ್ತದೆ. ಇದು ತಲೆನೋವು ಎಂದು ದೂರುವ ನೋಡುಗರಿದ್ದಾರೆ. ತಲೆನೋವೇ ಆಗಬೇಕು; ಗೆಳೆಯರ ಸುಳಿವನ್ನು ತಾನೇ ಪೊಲೀಸರಿಗೆ ಕೊಟ್ಟವನ ತಲೆಯೊಳಗಿನ ಗಂಟೆಯದು. ಇನ್ನೊಂದು ದೃಶ್ಯದಲ್ಲಿ, ಒಬ್ಬ ಹುಡುಗ ಹುಡುಗಿಯ ಸಂಗ ಬಯಸಿ ಕೆನೆಹಚ್ಚಿದ ಕೇಕೊಂದನ್ನು ಕೊಂಡು, ಅವಳ ಮನೆಯ ಮೆಟ್ಟಿಲ ಮೇಲೆ ಕಾಯುತ್ತಾನೆ. ಕಾಗದ ಬಿಚ್ಚಿ ಬೆರಳಿನಿಂದ ಒಂದಿಷ್ಟು ಕೆನೆ ನೆಕ್ಕುತ್ತಾನೆ, ಮತ್ತೆ ಕಟ್ಟುತ್ತಾನೆ, ಮತ್ತೆ ಬಿಚ್ಚುತ್ತಾನೆ, ಕೊನೆಗೆ ಎಲ್ಲವನ್ನೂ ತಿಂದು ಮುಗಿಸುತ್ತಾನೆ. ನಾನು ಅಂದೇ ಭಾವನಿಗೆ ಫೋನು ಮಾಡಿ ತಪ್ಪಾಯಿತೆಂದೆ.

ಕತ್ತರಿಸುವ ಈ ಚಟ ಅಮೆರಿಕದವರದಷ್ಟೇ ಎಂದು ತಿಳಿಯಬೇಡಿ. ಬಣ್ಣದ ಮನೆಯಲ್ಲಿ ಚೌಕಿಪೂಜೆಯಾದರೆ ಬೆಳಗಿನ ಮಂಗಳದವರೆಗೆ ಕುಳಿತು ಬಡಗಿನ ಯಕ್ಷಗಾನದ ಆಟ ನೋಡುತ್ತಿದ್ದ ಸೀಮೆ ನಮ್ಮದು. ಕಳೆದ ವರ್ಷ ನಾನು ಹೋದ ಕಾಲಮಿತಿ ಆಟದಲ್ಲಿ ಕೌರವ ಸರೋವರದಲ್ಲಿ ಅಡಗಿ ಉಸಿರು ಬಿಡುವ ಮೊದಲೇ ಭೀಮ ಬಂದು ಹೊರಗೆ ಕರೆದ. ಪಾತ್ರಗಳ ಪ್ರವೇಶದ ಒಡ್ಡೋಲಗವಿಲ್ಲ, ಭಾಗವತರು ಪದ್ಯಗಳನ್ನು ನುಂಗುತ್ತಿದ್ದರು, ಸಂಘಟಕರೊಬ್ಬರು ಪಕ್ಕದಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದರು. ಅಷ್ಟೇಕೆ, ನನ್ನ ಈ ಧ್ವನಿ ಸಂದೇಶಗಳನ್ನು ನೀವೆಲ್ಲ ಎರಡು ಪಟ್ಟು ವೇಗದಲ್ಲಿ ಕೇಳುತ್ತೀರೆಂದು ಮೊಮ್ಮಗ ಬಾಯಿಬಿಟ್ಟಿದ್ದಾನೆ. ಮದುವೆ ಮಾತುಕತೆಯ ವಿಷಯದಲ್ಲಿ ನಾನು ಹೇಳಿದ ತಾರೀಖು ಯಾರಿಗೂ ತಿಳಿಯದೆ ಹೋದದ್ದು ಏಕೆಂದು ಆಗ ನನಗೆ ಅರ್ಥವಾಯಿತು.

ಇರಲಿ. ಇನ್ನೊಮ್ಮೆ ಹೇಳುತ್ತೇನೆ, ನಿಧಾನವಾಗಿ ಕೇಳು: ಪರದೆಯ ಮೇಲೆ 2 ತಾಸು 19 ನಿಮಿಷ ಎಂದಿದ್ದರೆ ಅಲ್ಲಿಗೇ ಆರಿಸಿಬಿಡು. 3 ತಾಸು 49 ನಿಮಿಷ ಎಂದಿದ್ದರೆ ಹಾಕಬಹುದು. 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ 251 ನಿಮಿಷದ ಪ್ರತಿಯೂ ಇದೆ, ಅದಾದರೂ ಅಡ್ಡಿಯಿಲ್ಲ. ಕೊನೆಯಲ್ಲಿ ನೂಡಲ್ಸ್ ನಗುವುದನ್ನು ಕಂಡು, 1968ರದ್ದೆಲ್ಲ ಅಫೀಮಿನ ಕನಸೋ ನಿಜವೋ ಎಂದು ನಿನ್ನ ತಮ್ಮ ವಾದಕ್ಕೆ ಕೂರುತ್ತಾನೆ. ನಾನು ಕನಸಲ್ಲ ಎನ್ನುವ ಪಕ್ಷ, ಭಾವ ಕನಸು ಎನ್ನುವ ಪಕ್ಷ.

ಅಯ್ಯೋ, ನೀನು ಮುಖ್ಯವಾಗಿ ಕೇಳಿದ್ದು ಎಲ್ಲರೂ ಒಟ್ಟಿಗೆ ಕುಳಿತು ನೋಡಬಹುದೇ ಎಂದಲ್ಲವೇ? ಕೂಡದು. ಹೆಂಗಸರ ಮೇಲೆ ಬಲಾತ್ಕಾರದ ದೃಶ್ಯಗಳು ಎರಡು ಕಡೆ ಇವೆ; ಕಾರಿನೊಳಗೆ ನಡೆಯುವುದಂತೂ ಬಹಳ ಹೊತ್ತು ನಡೆಯುತ್ತದೆ, ನನಗೇ ನೋಡಲಾಗಲಿಲ್ಲ. ಸಿನೆಮಾವನ್ನು ಮೆಚ್ಚುವವರಲ್ಲಿಯೂ ಅನೇಕರು ಅಲ್ಲಿಂದ ಮುಂದೆ ನೂಡಲ್ಸ್‌ನನ್ನು ಕ್ಷಮಿಸುವುದಿಲ್ಲ. ಆದ್ದರಿಂದ ಗೋಪೂಜೆಯ ದಿನ ಮಕ್ಕಳು ಮಲಗಿದ ಮೇಲೆ, ಅಮ್ಮನ ಕೋಣೆಯ ಬಾಗಿಲು ಹಾಕಿ, ಬೇಕಾದ ದೊಡ್ಡವರು ಮಾತ್ರ ಕೂರುವುದು. ಬೇಡವೆನಿಸಿದವರು ಎದ್ದು ಹೋದರೆ ಯಾರೂ ಕೆಣಕಬಾರದು. ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿಸಿದ್ದೇನೆ, ಆದರೂ ಎರಡು ತಾಸಿಗಿಂತ ಹೆಚ್ಚು ಬರುವುದಿಲ್ಲ. ನಡುವೆ ಕರೆಂಟು ಹೋದರೆ ಎಲ್ಲಿ ನಿಂತಿತೆಂದು ಚೀಟಿಯಲ್ಲಿ ಬರೆದಿಡು, ಮರುದಿನ ಅಲ್ಲಿಂದಲೇ ನೋಡೋಣ. ಹಪ್ಪಳವನ್ನು ಭಾವನೇ ತರುತ್ತಾರಂತೆ.