ಆನೆಗೊಂದಿ ಕಡೆ ಬ್ಯಾಟರಿ ಸ್ಕೂಟರ್ ಬಾಡಿಗೆಗೆ ಬಿಡಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಗಂಗಾವತಿ:
ನನ್ನ ತಮ್ಮ ಸಾಲ ಮಾಡಿ ಹತ್ತು ಬ್ಯಾಟರಿ ಸ್ಕೂಟರ್ ತೆಗೆದುಕೊಂಡು ಆನೆಗೊಂದಿ, ಸಾಣಾಪುರಕ್ಕೆ ಬರುವ ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತೇನೆ ಅನ್ನುತ್ತಿದ್ದಾನೆ. ಆ್ಯಪ್‌ನಲ್ಲೇ ಲಾಕ್ ತೆಗೆದು, ಎಲ್ಲಿ ಬೇಕೋ ಅಲ್ಲಿ ಬಿಟ್ಟು ಹೋಗುವಂಥದ್ದು. ಬೆಂಗಳೂರಿನಲ್ಲಿ ಇಂಥ ಗಾಡಿಗಳ ಮೇಲೆ ಜನಕ್ಕೆ ಸಿಟ್ಟಿದೆಯಂತೆ. ಅಮ್ಮನಿಗೆ ಭಯ. ಓಡಿಸಿದವರು, ಬಾಡಿಗೆಗೆ ಬಿಟ್ಟವರು ದಯವಿಟ್ಟು ಹೇಳಿ.

ರಾಯಚೂರಿನಿಂದ:
ಅಕ್ಕಾ, ನಾನು ಮೂರು ವರ್ಷ ಬೆಂಗಳೂರಿನಲ್ಲಿದ್ದೆ. ಮೆಟ್ರೋದಿಂದ ರೂಮಿಗೆ ದಿನಾ ಇಂಥದ್ದೇ ಗಾಡಿ. ಆಟೋದವರ ಜೊತೆ ಚೌಕಾಸಿ ತಪ್ಪಿತ್ತು, ಅದು ನಿಜ. ಆದರೆ ಒಂದು ಸಂಜೆ ಆ್ಯಪ್‌ನಲ್ಲಿ ಅರ್ಧ ಬ್ಯಾಟರಿ ತೋರಿಸಿದ ಗಾಡಿ ಫ್ಲೈಓವರ್ ಏರಿನಲ್ಲಿ ನಿಂತೇ ಹೋಯಿತು. ಹಿಂದೆ ಬಸ್ಸು, ಬರೀ ಹಾರ್ನು. ತಳ್ಳಿಕೊಂಡು ಇಳಿದು ಬದಿಗೆ ಹಾಕಿದರೆ, ಇಲ್ಲಿ ಬಿಡುವಂತಿಲ್ಲ ಅಂತ ಮೆಸೇಜು. ನಿಮಿಷದ ಲೆಕ್ಕ ಓಡುತ್ತಲೇ ಇತ್ತು. ಫೋನ್ ಮಾಡಿದರೆ ಮಾತಾಡಲು ಒಬ್ಬ ಮನುಷ್ಯ ಸಿಗಲಿಲ್ಲ.

ಅದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಬೇರೆ ದಿನ. ಪಕ್ಕದ ಮನೆ ಅಜ್ಜಿ ವಾಕರ್ ಹಿಡಿದು ನಡೆಯುವವರು. ಫುಟ್‌ಪಾತ್ ಮೇಲೆ ಮೂರು ಗಾಡಿ ಒಂದರ ಮೇಲೊಂದು ಬಿದ್ದಿದ್ದವು. ಒಂದರ ಕನ್ನಡಿ ಮುರಿದು ಚೂರು ಚೆಲ್ಲಿತ್ತು. ಅಜ್ಜಿ ವಾಕರ್ ಎತ್ತಿ ರಸ್ತೆಗೆ ಇಳಿಸಿದರು, ಲಾರಿ ಓಡಾಡುವ ರಸ್ತೆಗೆ. ಬಿಟ್ಟು ಹೋದವರು ಯಾರೋ ಗೊತ್ತಿಲ್ಲ, ಎತ್ತಿಡುವವರು ಬರಲಿಲ್ಲ.

ಇನ್ನೊಂದು, 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ದಾಟದ ಹಗುರ ಗಾಡಿಗೆ ಲೈಸೆನ್ಸ್ ಬೇಡ. ಅದಕ್ಕೇ ಒಂದೊಂದರ ಮೇಲೆ ಮೂರು ಮೂರು ಹುಡುಗರು.

ಬಳ್ಳಾರಿಯಿಂದ:
ಪ್ಯಾರಿಸ್‌ನಲ್ಲೂ ಇದೇ ತಕರಾರು. ಅಲ್ಲಿಯದು ನಿಂತು ಓಡಿಸುವ ಸ್ಕೂಟರ್, ಮೂರು ಕಂಪನಿಯವು ಸೇರಿ ಸುಮಾರು 15,000. 2023ರ ಏಪ್ರಿಲ್‌ನಲ್ಲಿ ಊರವರ ಮತ ಕೇಳಿದರು. ಬಂದು ಮತ ಹಾಕಿದವರು ನೂರಕ್ಕೆ ಎಂಟು ಜನವೂ ಇಲ್ಲ, ಆದರೆ ಅವರಲ್ಲಿ ಸುಮಾರು 89% ಜನ ಬೇಡ ಅಂದರು. ಸೆಪ್ಟೆಂಬರ್ ಹೊತ್ತಿಗೆ ಎಲ್ಲಾ ಖಾಲಿ. ಸ್ವಂತ ಸ್ಕೂಟರ್‌ಗೆ ಮಾತ್ರ ಅಡ್ಡಿ ಮಾಡಲಿಲ್ಲ, ಗಮನಿಸಿ.

ಸಾಣಾಪುರದಿಂದ:
ತಂಗೀ, ನಾನು ಇಲ್ಲೇ ಪೆಟ್ರೋಲ್ ಮೊಪೆಡ್ ಬಾಡಿಗೆಗೆ ಬಿಟ್ಟವನು. ನಮ್ಮಲ್ಲಿ ಫುಟ್‌ಪಾತ್ ಎಲ್ಲಿದೆ? ಎಲ್ಲಿ ಬೇಕೋ ಅಲ್ಲಿ ಬಿಡಿ ಅಂದರೆ ಗದ್ದೆಗೆ ಹೋಗುವ ದಾರಿಯಲ್ಲೇ ಬಿಡುತ್ತಾರೆ. ನಾಟಿ ಸಮಯದಲ್ಲಿ ಟ್ರ್ಯಾಕ್ಟರ್‌ಗೆ ಗಾಡಿ ಅಡ್ಡವಾಗಿ, ರೈತರು ನನ್ನ ಮನೆ ಬಾಗಿಲಿಗೆ ಬಂದಿದ್ದರು. ತಪ್ಪು ನನ್ನದೇ ಇತ್ತು. ಆಮೇಲೆ ಕೀಲಿ ಕೈಯಲ್ಲೇ ಕೊಟ್ಟು, ಕೈಯಲ್ಲೇ ವಾಪಸ್ ತಗೊಂಡೆ. ಲೈಸೆನ್ಸ್ ನೋಡಿ, ಗಾಡಿಯ ಸುತ್ತ ವಿಡಿಯೊ ಮಾಡಿಕೊಂಡು ಕೊಡುತ್ತಿದ್ದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಜನ ಬಂಡೆ ಪಕ್ಕ ಬಿಸಿಲಲ್ಲೇ ನಿಲ್ಲಿಸಿ ಹೋಗುತ್ತಾರೆ. ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ಬ್ಯಾಟರಿ ತಣ್ಣಗಾಗಲಿ. ಲೈಸೆನ್ಸ್ ಬೇಕಾದ ಗಾಡಿ ಆದರೆ ಆರ್‌ಟಿಒದಲ್ಲಿ ಬಾಡಿಗೆ ಪರವಾನಗಿ ಮೊದಲು ಮಾಡಿಸಿ. ಸ್ವಂತಕ್ಕೆ ಅಂತ ನೋಂದಾಯಿಸಿದ್ದನ್ನು ಬಾಡಿಗೆಗೆ ಬಿಟ್ಟು ಅಪಘಾತ ಆದರೆ ಇನ್ಶೂರೆನ್ಸ್ ಹಣ ಸಿಗುವುದು ಕಷ್ಟ.

ಕೇಳಿದವರು:
ಎಲ್ಲಾ ಓದಿ ಹೇಳಿದೆ. ಗದ್ದೆ ದಾರಿಯ ಮಾತಿಗೆ ತಮ್ಮ ಸುಮ್ಮನಾದ. ನಮ್ಮದೂ ಎರಡು ಎಕರೆ ಅಲ್ಲೇ ಇದೆ. ಆ್ಯಪ್ ಬೇಡ, ಎರಡೇ ಗಾಡಿ ತರುತ್ತೇನೆ ಅಂದ. ಸಾಣಾಪುರದ ಅಣ್ಣಾ, ಚಾರ್ಜಿಗೆ ಮನೆ ಮೀಟರೇ ನಡೆಯುತ್ತಾ, ಬೇರೆ ಹಾಕಿಸಬೇಕಾ?