ಎರಿಕ್ ಕಾರ್ಲ್‌ಸನ್: 101 ಪಾಯಿಂಟ್, ಮೈನಸ್ 26. ಈ ಡಿಫೆನ್ಸ್‌ಮನ್‌ನನ್ನು ಅಳೆಯುವುದು ಹೇಗೆ?

ಪ್ರಶ್ನೆ: ದಕ್ಷಿಣಕೊಲ್ಲಿ

ನಾನು ಸ್ಯಾನ್ ಹೋಸೆಯಲ್ಲಿ ನೆಲೆಸಿದ್ದೇನೆ. ಸಹೋದ್ಯೋಗಿಗಳ ಒತ್ತಾಯಕ್ಕೆ ಮಣಿದು 2022–23ರ ಋತುವಿನಲ್ಲಿ ಶಾರ್ಕ್ಸ್ ತಂಡದ ಕೆಲವು ಪಂದ್ಯಗಳಿಗೆ ಹೋದೆ. ಐಸ್ ಹಾಕಿಯ ಗೀಳು ಹತ್ತಿದ್ದು ಅಲ್ಲಿಂದಲೇ. ಆ ವರ್ಷ ತಂಡದ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಕಾರ್ಲ್‌ಸನ್ 25 ಗೋಲು, 76 ಅಸಿಸ್ಟ್ (ಗೋಲಿಗೆ ನೆರವಾದ ಪಾಸು) ಸೇರಿ 101 ಪಾಯಿಂಟ್ ಗಳಿಸಿದರು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನಲ್ಲಿ ಡಿಫೆನ್ಸ್‌ಮನ್ ಒಬ್ಬರು ನೂರು ದಾಟಿದ್ದು 1991–92ರಲ್ಲಿ ಬ್ರಯಾನ್ ಲೀಚ್ 102 ಗಳಿಸಿದ ಮೇಲೆ ಅದೇ ಮೊದಲು. ಶ್ರೇಷ್ಠ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿ ಮೂರನೆಯ ಬಾರಿ ಅವರ ಪಾಲಾಯಿತು. ಆದರೆ ಅದೇ ಋತುವಿನಲ್ಲಿ ಅವರ ಪ್ಲಸ್–ಮೈನಸ್ ಲೆಕ್ಕ (ಆಟಗಾರ ಕಣದಲ್ಲಿದ್ದಾಗ ತಂಡ ಹೊಡೆದ ಗೋಲಿಗೆ ಒಂದು ಪ್ಲಸ್, ಬಿಟ್ಟುಕೊಟ್ಟ ಗೋಲಿಗೆ ಒಂದು ಮೈನಸ್) ಮೈನಸ್ 26 ಇತ್ತು. ರಕ್ಷಣೆಯೇ ಕೆಲಸವಾಗಿರುವ ಆಟಗಾರ ಕಣದಲ್ಲಿದ್ದಾಗ ತಂಡ ಇಷ್ಟೊಂದು ಗೋಲು ಬಿಟ್ಟುಕೊಟ್ಟಿದ್ದರೆ ಅವರನ್ನು ಶ್ರೇಷ್ಠರೆಂದು ಒಪ್ಪುವುದು ಹೇಗೆ? ಅವರ ನಿಜವಾದ ಬಲ ಯಾವುದು, ದೌರ್ಬಲ್ಯ ಯಾವುದು ಎಂದು ಬಲ್ಲವರು ಬಿಡಿಸಿ ಹೇಳಬೇಕಾಗಿ ಕೋರಿಕೆ.

ಉತ್ತರ: ನೀಲಿಗೆರೆ

ಮೊದಲು ಆ ಮೈನಸ್ 26ರ ಒಳಗೆ ಏನೇನು ಸೇರಿದೆ ಎಂದು ನೋಡೋಣ. ಎದುರಾಳಿಗೆ ಶಿಕ್ಷೆಯಾಗಿ ನಮಗೆ ಒಬ್ಬ ಆಟಗಾರ ಹೆಚ್ಚಿರುವ ಪವರ್ ಪ್ಲೇಯಲ್ಲಿ ನಾವು ಹೊಡೆದ ಗೋಲಿಗೆ ಯಾರಿಗೂ ಪ್ಲಸ್ ಸಿಗುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಎದುರಾಳಿ ಗೋಲು ಹೊಡೆದರೆ ಕಣದಲ್ಲಿರುವ ನಮ್ಮವರೆಲ್ಲರಿಗೂ ಮೈನಸ್ ಬೀಳುತ್ತದೆ. ಸೋಲುತ್ತಿರುವ ತಂಡ ಕೊನೆಯ ನಿಮಿಷಗಳಲ್ಲಿ ಗೋಲಿಯನ್ನು, ಅಂದರೆ ಗೋಲ್‌ಕೀಪರ್‌ನನ್ನು, ಹೊರಗೆ ಕರೆದು ಆರನೆಯ ದಾಳಿಕೋರನನ್ನು ಇಳಿಸಿದಾಗ ಖಾಲಿ ಬಲೆಗೆ ಬೀಳುವ ಗೋಲಿನದೂ ಇದೇ ಕಥೆ. ಶಾರ್ಕ್ಸ್ ಆ ವರ್ಷ 82 ಪಂದ್ಯಗಳಲ್ಲಿ ಗೆದ್ದದ್ದು 22 ಮಾತ್ರ. ಹಿಂದೆ ಬಿದ್ದಾಗಲೆಲ್ಲ ಕಣಕ್ಕಿಳಿಯುತ್ತಿದ್ದವರು ಕಾರ್ಲ್‌ಸನ್; ಅವರ ಬೆನ್ನ ಹಿಂದೆ ನಿಂತ ಗೋಲಿಗಳೂ ದುರ್ಬಲರಾಗಿದ್ದರು. ಹಾಗಾಗಿ ಆ ಅಂಕಿಯ ಒಂದು ಪಾಲು ಅವರದು, ದೊಡ್ಡ ಪಾಲು ತಂಡದ್ದು.

ಬಲದ ವಿಷಯಕ್ಕೆ ಬಂದರೆ, ಎಲ್ಲರ ಕಣ್ಣಿಗೂ ಬೀಳುವುದು ಗೋಲು ಮತ್ತು ಪಾಸು. ನನ್ನ ದೃಷ್ಟಿಯಲ್ಲಿ ಅವರ ಅಸಲಿ ಪ್ರತಿಭೆ ಕಾಣುವುದು ನಮ್ಮದೇ ಗೋಲಿನ ಹಿಂದಿನ ಮೂಲೆಯಲ್ಲಿ. ಬೆನ್ನಟ್ಟಿ ಬರುವ ಫಾರ್ವರ್ಡ್‌ನನ್ನು ಸ್ಕೇಟಿನ ಅಂಚಿನ ಮೇಲೆ ಒಮ್ಮೆ ಹೊರಳಿ ಬೇಸ್ತು ಬೀಳಿಸಿ, ತಲೆ ಎತ್ತಿ, ಕಣವನ್ನು ಮೂರು ವಲಯಗಳಾಗಿ ವಿಭಾಗಿಸುವ ಎರಡು ನೀಲಿ ಗೆರೆಗಳ ನಡುವೆ ಓಡುತ್ತಿರುವ ಸಹ ಆಟಗಾರನ ಕೋಲಿಗೆ ಉದ್ದನೆಯ ಪಾಸು ತಲುಪಿಸುವುದನ್ನು ಅವರಷ್ಟು ಸಲೀಸಾಗಿ ಮಾಡಿದವರು ಈ ತಲೆಮಾರಿನಲ್ಲಿ ಕಡಿಮೆ. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ನಮ್ಮ ವಲಯದಿಂದ ಬೇಗ ಹೊರಬಿದ್ದರೆ ರಕ್ಷಣೆಯ ಪ್ರಶ್ನೆಯೇ ಏಳುವುದಿಲ್ಲ. ಇದೂ ಒಂದು ಬಗೆಯ ರಕ್ಷಣೆಯೇ. ಅಂಕಿಪಟ್ಟಿಯಲ್ಲಿ ಮಾತ್ರ ಅದಕ್ಕೊಂದು ಅಂಕಣವಿಲ್ಲ.

ಉತ್ತರ: ಮಡಿಕೇರಿ ಫುಲ್‌ಬ್ಯಾಕ್

ಕೊಡಗಿನಲ್ಲಿ ಹುಲ್ಲಿನ ಮೇಲೆ ಹಾಕಿ ಆಡಿ ಬೆಳೆದವನು ನಾನು. ರಕ್ಷಣಾ ಆಟಗಾರ ಗೋಲು ಹೊಡೆಯುವುದು ನಮಗೆ ಹೊಸತಲ್ಲ, ನಮ್ಮ ವಿ.ಆರ್. ರಘುನಾಥ್ ಫುಲ್‌ಬ್ಯಾಕ್ ಆಗಿದ್ದೇ ಡ್ರ್ಯಾಗ್ ಫ್ಲಿಕ್‌ನಿಂದ ಹೆಸರು ಮಾಡಿದರು. ಆದರೆ ಡ್ರ್ಯಾಗ್ ಫ್ಲಿಕ್ ಬಳಸುವ ಪೆನಾಲ್ಟಿ ಕಾರ್ನರ್‌ಗೆ ಆಟ ನಿಂತಿರುತ್ತದೆ. ಕಾರ್ಲ್‌ಸನ್ ಮುನ್ನುಗ್ಗುವುದು ಆಟ ಓಡುತ್ತಿರುವಾಗ, ಆದ್ದರಿಂದ ಅಪಾಯವೂ ಆ ಮಟ್ಟದ್ದು. ನೀಲಿಗೆರೆಯವರು ತಂಡದ ಮೇಲೆ ಹೊರಿಸಿದ ಪಾಲು ತುಸು ಹೆಚ್ಚಾಯಿತೆಂದು ನನ್ನ ಭಾವನೆ. ಎದುರಾಳಿಯ ವಲಯದಲ್ಲಿ ಪಕ್‌ಗಾಗಿ ಗೋಡೆಯ ಬಳಿ ನುಗ್ಗಿ ಅದು ಕೈತಪ್ಪಿದರೆ ಹಿಂದೆ ಉಳಿಯುವುದು ಒಬ್ಬನೇ ಜೊತೆಗಾರ. ನಮ್ಮ ಗೋಲಿನ ಎದುರು ದಾಂಡಿಗ ಫಾರ್ವರ್ಡ್‌ಗಳನ್ನು ಮೈಯಿಂದ ಒತ್ತಿ ದೂರವಿಡುವ ಕೆಲಸದಲ್ಲಂತೂ ಅವರು ಎಂದೂ ಮೊದಲ ಸಾಲಿನವರಲ್ಲ. ಹಣದ ಮಾತನ್ನೂ ಆಡಲೇಬೇಕು: 2019ರಲ್ಲಿ ಸಹಿಯಾದ ಎಂಟು ವರ್ಷಗಳ ಒಪ್ಪಂದದಲ್ಲಿ ವರ್ಷಕ್ಕೆ ಸರಾಸರಿ 1.15 ಕೋಟಿ ಡಾಲರ್. ವೇತನಕ್ಕೆ ಮಿತಿ ಇರುವ ಲೀಗಿನಲ್ಲಿ ಅಷ್ಟು ಕೊಟ್ಟ ಮೇಲೆ ಈ ಕೊರತೆಗಳನ್ನು ಮುಚ್ಚುವ ಆಟಗಾರರಿಗೆ ಉಳಿಯುವುದೆಷ್ಟು? 2023ರಲ್ಲಿ ಪಿಟ್ಸ್‌ಬರ್ಗ್‌ಗೆ ಹೋದ ಮೊದಲ ಋತುವಿನಲ್ಲಿ ಕ್ರಾಸ್ಬಿ, ಮಾಲ್ಕಿನ್‌ರಂಥ ತಾರಾ ಫಾರ್ವರ್ಡ್‌ಗಳು ಪಕ್ಕದಲ್ಲಿದ್ದರೂ 56 ಪಾಯಿಂಟ್‌ಗೆ ನಿಂತರು, ತಂಡದ ಪವರ್ ಪ್ಲೇ ನೆಲಕಚ್ಚಿತು, ಪ್ಲೇಆಫ್ ಕೂಡ ತಪ್ಪಿತು.

ಉತ್ತರ: ನೀಲಿಗೆರೆ

ಗೋಲಿನ ಎದುರಿನ ಮಾತನ್ನು ಒಪ್ಪುತ್ತೇನೆ. ಆದರೆ ಅವರಿಗೆ ರಕ್ಷಣೆ ಬಾರದು ಎಂಬ ತೀರ್ಮಾನಕ್ಕೆ ಅದು ಸಾಲದು. 2016–17ರಲ್ಲಿ ಶಾರ್ಕ್ಸ್‌ಗೂ ಮುಂಚಿನ ತಮ್ಮ ತಂಡ ಒಟ್ಟಾವ ಪರ ಅವರು ಮೈಯೊಡ್ಡಿ ತಡೆದ ಹೊಡೆತಗಳು 201. ಪಾಯಿಂಟ್‌ಗಳೂ 71 ಇದ್ದವು. ಹಿಮ್ಮಡಿಯ ಮೂಳೆಯಲ್ಲಿ ಬಿರುಕಿದ್ದರೂ ಆ ವಸಂತದ ಪ್ಲೇಆಫ್‌ನಲ್ಲಿ ತಂಡವನ್ನು ಪೂರ್ವ ವಿಭಾಗದ ಅಂತಿಮ ಸುತ್ತಿನ ಏಳನೆಯ ಪಂದ್ಯದವರೆಗೆ ಎಳೆದೊಯ್ದರು. ಗಾಯಗಳನ್ನು ಮರೆತು ಅವರನ್ನು ಅಳೆಯುವುದು ಅನ್ಯಾಯ. 2013ರ ಫೆಬ್ರವರಿಯಲ್ಲಿ ಎದುರಾಳಿಯ ಸ್ಕೇಟಿನ ಅಲಗು ತಗುಲಿ ಅವರ ಅಕಿಲಿಸ್ ಸ್ನಾಯುರಜ್ಜು ಕತ್ತರಿಸಿತು. ಇಡೀ ಆಟ ಕಾಲಿನ ಮೇಲೇ ನಿಂತಿರುವವರಿಗೆ ಇಂಥ ಪೆಟ್ಟು ಎಂಥದ್ದೆಂದು ಫುಲ್‌ಬ್ಯಾಕ್ ಆಡಿದವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರು: ದಕ್ಷಿಣಕೊಲ್ಲಿ

ಇಬ್ಬರಿಗೂ ಧನ್ಯವಾದ. ನಿನ್ನೆ ಹಳೆಯ ಪಂದ್ಯವೊಂದನ್ನು ಪಕ್‌ನತ್ತ ನೋಡದೆ ಅವರೊಬ್ಬರನ್ನೇ ಹಿಂಬಾಲಿಸುತ್ತ ನೋಡಿದೆ. ಕಷ್ಟದ ಕೆಲಸ, ಕಣ್ಣು ಮತ್ತೆ ಮತ್ತೆ ಪಕ್ ಹಿಂದೆಯೇ ಓಡುತ್ತದೆ. ಅವರು ಮುನ್ನುಗ್ಗಿದಾಗಲೆಲ್ಲ ಜೊತೆಗಾರ ಎಲ್ಲಿ ನಿಂತಿದ್ದಾನೆ ಎಂಬುದರ ಮೇಲೆಯೇ ಎಲ್ಲವೂ ನಿಂತಂತೆ ತೋರಿತು. ನನ್ನ ಗ್ರಹಿಕೆ ಸರಿಯೇ?

ಉತ್ತರ: ಮಡಿಕೇರಿ ಫುಲ್‌ಬ್ಯಾಕ್

ಬಹುಮಟ್ಟಿಗೆ ಸರಿ. ಒಟ್ಟಾವದಲ್ಲಿ ಹಲವು ವರ್ಷ ಅವರ ಜೊತೆಗಾರರಾಗಿದ್ದ ಮಾರ್ಕ್ ಮೆಥಾಟ್ ಗೋಲಿನ ಕಡೆ ಕಣ್ಣಿಟ್ಟು ಹಿಂದೆಯೇ ಉಳಿಯುವ ಗಟ್ಟಿ ಆಸಾಮಿ. ಲೀಗಿಗೆ ಹೊಸದಾಗಿ ಸೇರಿದ ತಂಡ ಇತರ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳುವ ವಿಸ್ತರಣಾ ಡ್ರಾಫ್ಟ್‌ನಲ್ಲಿ, 2017ರಲ್ಲಿ, ವೇಗಾಸ್ ಅವರನ್ನು ಎತ್ತಿಕೊಂಡಿತು. 2016–17ರಲ್ಲಿ ಪ್ಲಸ್ 10 ಇದ್ದ ಕಾರ್ಲ್‌ಸನ್ ಮರುವರ್ಷ ಮೈನಸ್ 25ಕ್ಕೆ ಇಳಿದರು. ಆ ನಡುವೆ ಅವರ ಪಾದಕ್ಕೆ ಶಸ್ತ್ರಚಿಕಿತ್ಸೆಯೂ ಆಗಿತ್ತು, ತಂಡವೂ ಕುಸಿದಿತ್ತು. ಎಲ್ಲವನ್ನೂ ಮೆಥಾಟ್ ಲೆಕ್ಕಕ್ಕೆ ಬರೆಯಲಾಗದು. ಆದರೂ ಆ ಎರಡು ಋತುಗಳ ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು, ಈ ಸಲ ಜೊತೆಗಾರನನ್ನೇ ಹಿಂಬಾಲಿಸಿ ನೋಡಿ.